ಸಿಹಿ ನೂಲು

"ದಿನಾ ಎಷ್ಟು ಕುಡೀತಾನ ನಿನ್ನ ಗಂಡ?"

ದೊಡ್ಡ ಡಾಕ್ಟರು ಕೈಯಲ್ಲಿದ್ದ ಹಾಳೆಯಿಂದ ತಲೆ ಎತ್ತದೆ ಕೇಳಿದರು. ಬನಶಂಕರೆವ್ವ ಲೆಕ್ಕ ತಪ್ಪಬಾರದೆಂದು ಬೆರಳು ಮಡಚಿ ಎಣಿಸಿದಳು. "ಆರು ಕಪ್ಪ ಆಗಬಹುದ್ರಿ. ಪ್ಯಾಟಿಗೆ ಹ್ವಾದ ದಿನ ಏಳು."

"ಚಾ ಅಲ್ಲವಾ. ಸಾರಾಯಿ. ಸಾರಾಯಿ ಎಷ್ಟು ಕುಡೀತಾನ?"

ವಾರ್ಡಿನ ಇಪ್ಪತ್ತು ಮಂಚಗಳೂ ಕಿವಿಯಾದವು. ಆ ಕಡೆ ಗೋಡೆಯ ಮುದುಕನಂತೂ ಕೆಮ್ಮುವುದನ್ನೇ ನಿಲ್ಲಿಸಿದ. ಬನಶಂಕರೆವ್ವ ಎಣಿಸಿದ ಬೆರಳು ಬಿಚ್ಚಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಬೆಟಗೇರಿ ನೇಕಾರ ಓಣ್ಯಾಗ ಹೋಗಿ ಯಾರನ್ನರ ಕೇಳ್ರಿ ಸಾಹೇಬ್ರ! ನಮ್ಮ ಮನಿಯವ್ರು ಬೀಡಿ ಸೇದೂದಿಲ್ಲ, ತಂಬಾಕ ಹಾಕೂದಿಲ್ಲ, ಎಲಿ ಅಡಿಕಿ ಸೈತ ತಿನ್ನೂದಿಲ್ಲ. ರೊಟ್ಟಿ, ನೀರು, ಚಾ ಬಿಟ್ರ ಆ ಬಾಯಾಗ ಮತ್ತೇನೂ ಹೋಗೂದಿಲ್ಲ!"

ಈ ಕೊನೆಯ ಮಾತನ್ನು ಅವಳು ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು. ಮುಂದೆ ಅದನ್ನು ಅವಳೇ ವಾಪಸು ತೆಗೆದುಕೊಳ್ಳಬೇಕಾಗಿ ಬಂತು. ಆದರೆ ಅದಕ್ಕಿನ್ನೂ ನಾಲ್ಕು ದಿನವಿತ್ತು.

"ಎಲ್ಲಾರ ಹೆಂಡರೂ ಹಿಂಗ ಅಂತಾರ," ಎಂದು ಡಾಕ್ಟರು ಹಾಳೆಯ ಮೇಲೆ ಏನೋ ಬರೆದು ಕೆಳಗೆ ಎರಡು ಗೀಟು ಎಳೆದರು. ಬನಶಂಕರೆವ್ವನಿಗೆ ಓದಲು ಬರುವುದಿಲ್ಲ. ಆದರೆ ಸೀರೆಯ ದಡಿಯಲ್ಲಿ ಯಾವ ಎಳೆ ಎಲ್ಲಿದೆಯೆಂದು ಕಣ್ಣಲ್ಲೇ ಹಿಡಿಯುವ ಹೆಂಗಸು ಅವಳು. ಮೇಲಿನಿಂದ ಮೂರನೆಯ ಸಾಲು, ಕೆಳಗೆ ಎರಡು ಗೀಟು. ಕುಡುಕ ಎಂದೇ ಬರೆದಿರಬೇಕೆಂದು ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಮಂಚದ ಮೇಲೆ ಗೋವಿಂದಪ್ಪ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ. ಕಾರಹುಣ್ಣಿಮೆಯ ಮರುದಿನ ಹಿಡಿದ ಹೊಟ್ಟೆನೋವು. ಕರುಳನ್ನು ಯಾರೋ ಹಿಂಡಿದ ಹಾಗೆ ಬರುವುದು, ಬೆವರಿಳಿಸಿ ಹೋಗುವುದು. ಬೆಟಗೇರಿಯ ಡಾಕ್ಟರು ಹುಳ ಎಂದು ಔಷಧಿ ಕೊಟ್ಟರು. ಹುಳ ಬೀಳಲಿಲ್ಲ. ಇನ್ನೊಬ್ಬರು ಹುಣ್ಣು ಎಂದು ಖಾರ ಬಿಡಿಸಿದರು. ಗದಗಿನ ಈ ಆಸ್ಪತ್ರೆಗೆ ಬಂದು ಹದಿನೇಳು ದಿನವಾಗಿತ್ತು. ಒಬ್ಬರು ಅಪೆಂಡಿಕ್ಸ್ ಅಂದರು, ಒಬ್ಬರು ಮೂತ್ರದ ಕಲ್ಲು ಅಂದರು. ಎಕ್ಸರೇಯಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಅಷ್ಟರಲ್ಲಿ ಅವನ ಎರಡೂ ಕೈಗಳು ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದವು. ಬೆರಳು ಮಡಚುತ್ತಿದ್ದವು, ಅಂಗೈ ಮಾತ್ರ ಮೇಲೇಳುತ್ತಿರಲಿಲ್ಲ. ಓಣಿಯಲ್ಲೆಲ್ಲ ಚುರುಕಾದ ನೇಕಾರ ಎಂದು ಹೆಸರಾಗಿದ್ದವನಿಗೆ ಬನಶಂಕರೆವ್ವ ನೀರನ್ನೂ ತಾನೇ ಕುಡಿಸಬೇಕಾಯಿತು. ಹೊಟ್ಟೆನೋವಿಗೆ ಅಳದಿದ್ದವನು, ಮೊದಲ ಸಲ ಅವಳು ತುತ್ತು ಬಾಯಿಗಿಟ್ಟಾಗ ಕಣ್ಣೀರು ಹಾಕಿದ.

"ಸೋಮವಾರ ಹೊಟ್ಟಿ ಕೊಯ್ದು ನೋಡೂಣು," ಎಂದು ಹೇಳಿ ದೊಡ್ಡ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಮೈಸೂರು ಕಡೆಯಿಂದ ಹೊಸದಾಗಿ ಬಂದ ಒಬ್ಬಳು ಡಾಕ್ಟರಮ್ಮ ಮಾತ್ರ ಅಲ್ಲೇ ಉಳಿದಳು. ವಾರ್ಡಿನವರೆಲ್ಲ ಅವಳನ್ನು ಸಣ್ಣ ಡಾಕ್ಟರಮ್ಮ ಎನ್ನುತ್ತಿದ್ದರು. ಗೋವಿಂದಪ್ಪನ ತುಟಿ ಸರಿಸಿ ಬ್ಯಾಟರಿ ಹಿಡಿದು ನೋಡಿದಳು. "ನಿಮ್ಮ ಯಜಮಾನರು ಮೊದಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಏನಾದರೂ ಕೆಲಸ ಮಾಡ್ತಿದ್ದರಾ?"

"ಇಲ್ರಿ. ಮಗ್ಗ. ಅಪ್ಪ, ಅಜ್ಜನ ಕಾಲದಿಂದ ಮಗ್ಗನ."

"ಒಸಡಿನ ಮೇಲೆ ನೀಲಿ ಗೆರೆ ಇದೆ ನೋಡಿ. ಅಚ್ಚಿನ ಮೊಳೆಗೆ ಹಾಕ್ತಾರಲ್ಲ, ಸೀಸ, ಅದು ಹೊಟ್ಟೆಗೆ ಹೋದವರಿಗೆ ಹೀಗಾಗುತ್ತೆ. ಕೈ ಬೀಳೋದೂ ಹೀಗೇ. ಆದರೆ ನೇಕಾರರ ಹೊಟ್ಟೆಗೆ ಸೀಸ ಎಲ್ಲಿಂದ ಹೋಗಬೇಕು?" ಅವಳು ತನ್ನಷ್ಟಕ್ಕೇ ತಲೆಯಾಡಿಸಿದಳು. "ಬಾಯಿಗೆ ಏನಾದರೂ ಹಾಕಿಕೊಳ್ಳೋ ಅಭ್ಯಾಸ ಇದೆಯಾ?"

"ಆಗಳೇ ಹೇಳಿದ್ನೆಲ್ರಿ, ಏನೂ ಇಲ್ಲ," ಎಂದು ಬನಶಂಕರೆವ್ವ ಮುಖ ತಿರುಗಿಸಿದಳು. ಅವಳಿಗೆ ಮೂರನೆಯ ಸಾಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಶನಿವಾರ ನೆರೆಮನೆಯ ಮಲ್ಲವ್ವನನ್ನು ಮಂಚದ ಹತ್ತಿರ ಕೂರಿಸಿ, ಒಗೆದ ಧೋತರ ತರಲು ಅವಳು ಬೆಟಗೇರಿಗೆ ಹೋದಳು. ಬಾಗಿಲು ತೆಗೆದರೆ ಎದುರಿಗೇ ಮಗ್ಗ. ಅರ್ಧ ನೇಯ್ದ ಹಳದಿ ಸೀರೆಯ ಮೇಲೆ ಧೂಳು ಕೂತಿತ್ತು. ಮದುವೆಯ ಕಾಲಕ್ಕೆಂದು ಬೇಸಿಗೆಯುದ್ದಕ್ಕೂ ಅವನು ನೇಯ್ದದ್ದು ಈ ಹಳದಿಯೊಂದನ್ನೇ. ಅದನ್ನು ನೋಡಿದಳೋ ಇಲ್ಲವೋ, ಇಷ್ಟು ದಿನ ಹಿಡಿದಿಟ್ಟ ಅಳು ಉಕ್ಕಿ ಬಂತು. ಸೋಮವಾರ ಅವನು ಅಲ್ಲಿ ಮೇಜಿನ ಮೇಲೆ ಮಲಗಿದ್ದಾಗ ಇಲ್ಲಿ ಅವನ ಮಗ್ಗ ಹೀಗೆ ಧೂಳು ಹಿಡಿದು ಬಿದ್ದಿರಬಾರದು ಅನ್ನಿಸಿತು. ನಾಲ್ಕು ಬೆರಳಾದರೂ ನೇಯ್ದು ಹೋಗೋಣವೆಂದು ಸೆರಗು ಬಿಗಿದು, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದಳು. ತವರಿನಲ್ಲಿ ನೇಯ್ದ ಕೈ ಅದು. ಈ ಮನೆಗೆ ಬಂದ ಮೇಲೆ ರಾಟಿಯ ಮುಂದೆ ಕೂತು ಸಣ್ಣ ಕೊಳವೆಗಳಿಗೆ ನೂಲು ಸುತ್ತಿ ಕಂಡಿಕೆ ಮಾಡಿದ್ದೇ ಆಗಿತ್ತು.

ನೂಲಿನ ಕಂಡಿಕೆಯೊಂದನ್ನು ಲಾಳಿಯೊಳಗೆ ಕೂರಿಸಿದಳು. ನೂಲಿನ ತುದಿ ಲಾಳಿಯ ಕಣ್ಣಿನಿಂದ, ಅಂದರೆ ಅದರ ಪಕ್ಕದ ಸಣ್ಣ ತೂತಿನಿಂದ, ಹೊರಗೆ ಬರಬೇಕು. ಅದಕ್ಕೆ ಓಣಿಯವರೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಕಣ್ಣಿಗೆ ತುಟಿ ಹಚ್ಚಿ ಒಂದು ಸಲ ಉಸಿರೆಳೆದಳು. ನೂಲು ಸರ್ರನೆ ಬಂದು ನಾಲಿಗೆಯ ಮೇಲೆ ಕೂತಿತು.

ಸಿಹಿ.

ಬನಶಂಕರೆವ್ವ ಹಾಗೇ ಕೂತುಬಿಟ್ಟಳು. ಚೈತ್ರದಲ್ಲಿ ಗೋವಿಂದಪ್ಪ ಇದೇ ಕುಣಿಯಲ್ಲಿ ಕೂತು, "ಈ ಸಲ ದಾದಾಪೀರ ಬೆಲ್ಲ ಹಾಕಿ ಬಣ್ಣಾ ಮಾಡ್ಯಾನೇನ ಬನಶಂಕರಿ? ನೂಲು ಸಿಹಿ ಹತ್ತಾಕತ್ತೈತಿ," ಎಂದಿದ್ದ. "ಹಂಗಾರ ಚಾಕ್ಕ ಸಕ್ಕರಿ ಉಳೀತು ಬಿಡ್ರಿ," ಎಂದು ಅವಳು ನಕ್ಕಿದ್ದಳು. ಈಗ ಅಂಗೈ ಮೇಲೆ ಉಗುಳಿ ನೋಡಿದಳು. ಹಳದಿ.

"ಅಯ್ಯ ತಾಯಿ ಬನಶಂಕರಿ!" ಎಂದವಳೇ ಕೊಡದ ಹತ್ತಿರ ಓಡಿ ಬಾಯಿ ಮುಕ್ಕಳಿಸಿದಳು. ಆ ಬಾಯಾಗ ಮತ್ತೇನೂ ಹೋಗೂದಿಲ್ಲ ಎಂದು ವಾರ್ಡಿಗೆಲ್ಲ ಸಾರಿ ಹೇಳಿದ್ದು ನೆನಪಾಗಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅವಳ ಮುಖ ಕಾದುಹೋಯಿತು.

ದಾದಾಪೀರನ ಬಣ್ಣದ ಮನೆ ಎರಡು ಓಣಿ ಆಚೆ. ಓಣಿಯ ಅರ್ಧ ಮಗ್ಗಗಳಿಗೆ ಬಣ್ಣದ ನೂಲು ಅವನದೇ. ಅವಳು ಹಳದಿ ನೂಲಿನ ಲಡಿಯನ್ನು ಮುಂದೆ ಹಿಡಿದು ನಿಂತಾಗ ಅವನು, "ಯಾಕ್ರಿ ಅಕ್ಕಾರ, ಬಣ್ಣ ಬಿಡಾಕತ್ತೈತೇನು?" ಎಂದ.

"ಇದನ್ನ ಎಷ್ಟು ನೀರಾಗ ತೊಳದಿ, ದಾದಾಪೀರಣ್ಣ?"

ದಾದಾಪೀರ ಕೈಯಲ್ಲಿದ್ದ ಕೋಲನ್ನು ಹಂಡೆಯ ಅಂಚಿಗೆ ಒರಗಿಸಿದ. ಸುಳ್ಳು ಹೇಳಬಹುದಿತ್ತು. "ನಾಕ ನೀರಾಗ ತೊಳೀಬೇಕ್ರಿ. ಈ ಬ್ಯಾಸಿಗ್ಯಾಗ ನಳ ಹತ್ತ ದಿನಕ್ಕೊಮ್ಮೆ ಬಂತು. ಕುಡಿಯಾಕ ನೀರಿರಲಿಲ್ಲ. ಒಂದ ನೀರಾಗ ತಗದೆ. ಖರೆ ಹೇಳ್ತೀನಿ, ಒಂದ ನೀರಾಗ."

ಅವಳು ಜಗಳವಾಡಲಿಲ್ಲ. ಒಸಡಿನ ನೀಲಿ ಗೆರೆ, ಸಣ್ಣ ಡಾಕ್ಟರಮ್ಮ ಕೇಳಿದ ಪ್ರಶ್ನೆ, ನಾಲಿಗೆಗೆ ಹತ್ತಿದ ಸಿಹಿ, ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ದಾದಾಪೀರನ ಮುಖ ಸಣ್ಣದಾಯಿತು. ಗೋಡೆಯ ಎತ್ತರದ ನಾಗೊಂದಿ ಹಲಗೆಯ ಮೇಲಿನಿಂದ ಒಂದು ತಗಡಿನ ಡಬ್ಬಿ ಇಳಿಸಿದ. "ಹುಬ್ಬಳ್ಳಿಯಿಂದ ತರ್ತೀನ್ರಿ. ಇದರಾಗ ನೂಲು ಅದ್ದಿದ ಮ್ಯಾಲೆ ಹಳದಿ ಹಿಡೀತೈತಿ. ಮ್ಯಾಲೆ ಇಂಗ್ಲಿಷಿನ್ಯಾಗ ಬರದಾರ, ನನಗೇನ ತಿಳೀತೈತಿ? ನಡ್ರಿ, ಡಾಕ್ಟರ್ ಮುಂದ ನಾನ ಹೇಳ್ತೀನಿ."

"ನೀ ಹೇಳಿದ್ರ ಓಣಿ ಮಂದಿ ನಿನ್ನ ಬಣ್ಣ ಬಿಡ್ತಾರ, ನೋಡ."

"ಬಿಡ್ಲಿ ಬಿಡ್ರಿ. ಗೋವಿಂದಣ್ಣನಂಥವ್ರ ಕೈ ಹ್ವಾದ್ರ ನಾ ಯಾರಿಗೆ ಬಣ್ಣ ಹಾಕ್ಲಿ?"

ಭಾನುವಾರ ದೊಡ್ಡ ಡಾಕ್ಟರು ಬರುವುದಿಲ್ಲ. ಸಣ್ಣ ಡಾಕ್ಟರಮ್ಮ ಒಬ್ಬಳೇ ವಾರ್ಡಿನಲ್ಲಿದ್ದಳು. ಬನಶಂಕರೆವ್ವ ಡಬ್ಬಿ ಹಿಡಿದ ದಾದಾಪೀರನೊಂದಿಗೆ ಬಂದು ಅವಳೆದುರು ನಿಂತಳು. "ಡಾಕ್ಟರಮ್ಮಾರ, ನಾ ತಪ್ಪು ಹೇಳಿದ್ದೆ. ಚಾ, ರೊಟ್ಟಿ ಬಿಟ್ಟು ಬಾಯಾಗ ಏನೂ ಹೋಗೂದಿಲ್ಲ ಅಂದಿದ್ದೆ. ದಿನಾ ಎಂಬತ್ತು, ತೊಂಬತ್ತು ಸಲ ನೂಲು ಹೋಗತೈತ್ರಿ. ಅದು ಕೆಲಸ ಅಂತ ತಿಳದಿದ್ದೆ. ಬಾಯಾಗ ಹಾಕ್ಕೊಳ್ಳೂದು ಅಂತ ನನಗ ಹೊಳೀಲೇ ಇಲ್ಲ."

"ನೂಲಾ? ಬಾಯಿಗೆ ಯಾಕೆ ಹಾಕ್ಕೋತಾರೆ?"

ಬನಶಂಕರೆವ್ವ ಚೀಲದಿಂದ ಲಾಳಿ ತೆಗೆದಳು. ಗೋವಿಂದಪ್ಪ ಎದ್ದು ಕೂತ. ಕೈ ಚಾಚಿದ, ಅಂಗೈ ಕೆಳಗೆ ಜೋತಿತು. ಅವಳೇ ಲಾಳಿಯನ್ನು ಅವನ ಬಾಯಿಗೆ ಹಿಡಿದಳು. ಅವನು ಕಣ್ಣು ಮುಚ್ಚಿ ಒಂದು ಉಸಿರೆಳೆದ. ಸರ್ರ್. ನೂಲಿನ ತುದಿ ಹಲ್ಲಿನ ನಡುವೆ ಬಂದು ನಿಂತಿತು. ಆಚೆ ಗೋಡೆಯ ಮುದುಕ, "ಭಲೇ!" ಎಂದ. ಗೋವಿಂದಪ್ಪ ನಕ್ಕ. ಇಪ್ಪತ್ತೊಂದು ದಿನದಲ್ಲಿ ಅದು ಮೊದಲ ನಗು. "ಓಣ್ಯಾಗ ಉಳದವ್ರಿಗೆ ಎರಡು ಉಸುರು ಬೇಕ್ರಿ. ನನಗ ಒಂದ ಸಾಕು," ಎಂದು ಡಾಕ್ಟರಮ್ಮನಿಗೆ ಹೇಳಿದ.

ಅವಳು ಅವನ ಬಾಯಿಂದ ನೂಲು ತೆಗೆದು ನೋಡಿದಳು. "ಇದು ಬಿಳಿ ಇದೆಯಲ್ಲಮ್ಮ?"

"ತೋರಸಾಕ ಬ್ಯಾರೆ ಕಂಡಿಕಿ ಸುತ್ತಿ ತಂದೀನ್ರಿ. ಹಳದಿ ಅವರಿಗೆ ಸಾಕಾಗೇತಿ."

ಡಾಕ್ಟರಮ್ಮ ದಾದಾಪೀರನ ಕೈಯಿಂದ ಡಬ್ಬಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಓದಿ, ಇಡೀ ವಾರ್ಡು ತಿರುಗಿ ನೋಡುವಂತೆ, "ಸೀಸ! ಸೀಸದ ಉಪ್ಪು ಇದು!" ಎಂದು ಕೂಗಿದಳು. "ರುಚಿ ಸಿಹಿ ಇರುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ. ನೀನೂ ಬಣ್ಣ ಹಾಕಿದ ಮೇಲೆ ಸೋಪು ಹಚ್ಚಿ ಕೈ ತೊಳಿ ಮಾರಾಯ!" ದಾದಾಪೀರ ತನ್ನ ಹತ್ತೂ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ.

ಸೋಮವಾರ ದೊಡ್ಡ ಡಾಕ್ಟರು ಬಂದರು. ಸಣ್ಣ ಡಾಕ್ಟರಮ್ಮ ಬರೆದದ್ದನ್ನು ಓದಿದರು, ಒಸಡು ನೋಡಿದರು, ಡಬ್ಬಿ ನೋಡಿದರು, ಕನ್ನಡಕ ತೆಗೆದು ಒರೆಸಿದರು. "ಇಪ್ಪತ್ತು ವರ್ಷದಾಗ ಇಂಥಾದ್ದು ನೋಡಿದ್ದಿಲ್ಲ," ಎಂದು ಒಪ್ಪಿಕೊಂಡರು. "ಕೊಯ್ಯೂದು ಬ್ಯಾಡ. ಹುಬ್ಬಳ್ಳಿಗೆ ಚೀಟಿ ಬರದು ಕೊಡ್ತೀನಿ. ಅಲ್ಲಿ ರಕ್ತಾ ತಪಾಸ ಮಾಡಿ ಔಷಧ ಕೊಡ್ತಾರ. ಕೈ ಸಾವಕಾಶ ಬರ್ತಾವ." ಚೀಟಿ ಬರೆದುಕೊಟ್ಟು ಹೊರಟರು. ಬನಶಂಕರೆವ್ವ ದಾರಿ ಬಿಡಲಿಲ್ಲ.

"ಮತ್ತೇನವಾ?"

"ಆ ಹಾಳ್ಯಾಗ ಮ್ಯಾಲಿಂದ ಮೂರನೇ ಸಾಲು ಹೊಡದ ಹಾಕ್ರಿ."

ಡಾಕ್ಟರು ಹಾಳೆ ತಿರುಗಿಸಿ ನೋಡಿದರು. "ಓದಾಕ ಬರತೈತೇನು ನಿನಗ?"

"ಇಲ್ರಿ. ನೀವು ಬರೆಯೂ ಮುಂದ ನೋಡೀನಿ. ಕೆಳಗ ಎರಡು ಗೀಟು ಎಳದೀರಿ."

"ಇರ್ಲಿ ಬಿಡ," ಎಂದು ಗೋವಿಂದಪ್ಪ ಮಂಚದಿಂದ ಅಂಗಲಾಚಿದ. ದೊಡ್ಡವರ ಮುಂದೆ ಹೆಂಡತಿ ಹೀಗೆ ನಿಂತದ್ದನ್ನು ನೋಡಿ ಅವನಿಗೆ ಹೊಟ್ಟೆನೋವೇ ವಾಸಿ ಅನ್ನಿಸಿರಬೇಕು. ಅವಳು ಕದಲಲಿಲ್ಲ.

ಡಾಕ್ಟರು ಪೆನ್ನು ತೆಗೆದು ಆ ಸಾಲನ್ನು ಅಡ್ಡ ಹೊಡೆದು, ಪಕ್ಕದಲ್ಲಿ ಸಹಿ ಹಾಕಿದರು. ಆಮೇಲೆ, ಅವರ ಸ್ವರ ಬೇರೆಯಾಗಿತ್ತು, "ಆ ಜಾಗಾದಾಗ ಏನು ಬರೀಲಿ, ನೀವ ಹೇಳ್ರಿ," ಎಂದರು.

"ನೇಕಾರ ಅಂತ ಬರೀರಿ."

ಅವರು ಬರೆದರು. ಕೊನೆಯ ಅಕ್ಷರ ಮುಗಿಯುವವರೆಗೂ ಅವಳು ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹುಬ್ಬಳ್ಳಿಯಲ್ಲಿ ಒಂದು ತಿಂಗಳಾಯಿತು. ಹೊಟ್ಟೆನೋವು ಬೇಗ ಹೋಯಿತು, ಕೈ ಮಾತ್ರ ಸತಾಯಿಸಿತು. ಊರಿಗೆ ಬಂದ ಮೇಲೆ ಗೋವಿಂದಪ್ಪ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಿದ, ಬನಶಂಕರೆವ್ವ ಕುಣಿಗೆ ಇಳಿದು ನೇಯ್ದಳು. "ದಡಿ ಸೊಟ್ಟ ಆಗೇತಲ್ಲ," ಎಂದು ಅವನು ಕೂತಲ್ಲಿಂದಲೇ ತಪ್ಪು ತೆಗೆಯುವುದು, "ಮೊದಲ ನಿಮ್ಮ ಕೈ ನೆಟ್ಟಗ ಆಗ್ಲಿ, ಆಮ್ಯಾಲೆ ದಡಿ ನೋಡೂಣು," ಎಂದು ಅವಳು ಗದರುವುದು, ದಿನವೂ ಇದೇ ಆಗಿತ್ತು. ದೀಪಾವಳಿಗೆ ನಾಲ್ಕು ದಿನವಿರುವಾಗ ಒಂದು ಬೆಳಿಗ್ಗೆ ಅವಳು ಚಹದ ಕಪ್ಪು ಹಿಡಿದು ನಿಂತಿದ್ದಳು. ಅವನು ಕೈ ಚಾಚಿದ. ಅಂಗೈ ಮೇಲಕ್ಕೆದ್ದಿತು, ನಿಂತಿತು, ಕಪ್ಪು ಹಿಡಿಯಿತು. ಚಹ ಆರುವವರೆಗೂ ಅವನು ಅದನ್ನು ಸುಮ್ಮನೆ ಹಿಡಿದುಕೊಂಡೇ ಇದ್ದ.

ಊರಿಗೆ ಬಂದ ದಿನದಿಂದಲೇ ಲಾಳಿಗೆ ಬಾಯಿ ಹಚ್ಚುವ ಹಾಗಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರುಗಳು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಛತ್ರಿಯ ಕಡ್ಡಿ ಹಾಕಿ ನೋಡಿದರು, ದಪ್ಪವಾಯಿತು. ಕಡೆಗೆ ಬನಶಂಕರೆವ್ವ ತನ್ನ ತುರುಬಿನ ಪಿನ್ನು ಕಿತ್ತು, ಒಳಕಲ್ಲಿನ ಮೇಲೆ ಬಡಿದು ನೇರ ಮಾಡಿ, ತುದಿ ಬಗ್ಗಿಸಿ ಕೊಕ್ಕೆ ಮಾಡಿದಳು. ನೂಲು ಸಲೀಸಾಗಿ ಬಂತು. ಅದನ್ನು ದಾರದಿಂದ ಲಾಳಿಗೇ ಕಟ್ಟಿದಳು. "ಇದಕ್ಕ ನಾಕು ಉಸುರು ಹೊತ್ತು ಹಿಡೀತೈತಿ," ಎಂದು ಗೋವಿಂದಪ್ಪ ಗೊಣಗಿದ. ಕೈ ಬಂದ ಮೇಲೆ ಗೊಣಗುತ್ತಲೇ ನೇಯ್ದ.

ಓಣಿಯವರು ದಾದಾಪೀರನನ್ನು ಬಿಡಲಿಲ್ಲ. ಅವನು ಈಗ ನಾಲ್ಕಲ್ಲ, ಐದು ನೀರಿನಲ್ಲಿ ತೊಳೆದು, ಕಡೆಯ ನೀರನ್ನು ತಂಬಿಗೆಯಲ್ಲಿ ತಂದು ಬನಶಂಕರೆವ್ವನ ಮುಂದೆ ಹಿಡಿಯುತ್ತಿದ್ದ. ಅವಳು ನೋಡಿ ಹೂಂ ಅಂದರೇ ನೂಲು ಓಣಿಯೊಳಗೆ ಬರುತ್ತಿತ್ತು.

ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಒಂದು ದಿನ ನಳ ಬಂತು. ಕೊಡ ತೆಗೆದುಕೊಂಡು ಬನಶಂಕರೆವ್ವ ಪಾಳಿಯಲ್ಲಿ ನಿಂತಳು. ಮುಂದಿದ್ದ ಮಲ್ಲವ್ವ ಬಗ್ಗಿ ಕೊಡ ಎತ್ತುವಾಗ ಅವಳ ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು. "ನನ್ನ ಪಿನ್ನೂ ಲಾಳಿಗೆ ಹ್ವಾತಲ್ಲ," ಎಂದು ಮಲ್ಲವ್ವ ನಕ್ಕು ಕೂದಲನ್ನು ನೂಲಿನ ಚೂರಿನಿಂದ ಕಟ್ಟಿಕೊಂಡಳು. ಅವಳ ಮುಂದಿನವಳ ತುರುಬಿಗೂ ನೂಲೇ. ಬನಶಂಕರೆವ್ವ ಪಾಳಿಯ ಉದ್ದಕ್ಕೂ ಕಣ್ಣಾಡಿಸಿದಳು. ಹತ್ತು ಹನ್ನೆರಡು ಹೆಂಗಸರು. ಕೆಂಪು, ಹಸಿರು, ಹಳದಿ ನೂಲು. ಒಬ್ಬಳ ತಲೆಯಲ್ಲೂ ಪಿನ್ನಿರಲಿಲ್ಲ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಅವಳು ಸಡಿಲವಾಗಿದ್ದ ತನ್ನ ತುರುಬನ್ನು ಎಡಗೈಯಿಂದ ಮೇಲೆತ್ತಿಕೊಂಡು, ತುಂಬಿದ ಕೊಡವನ್ನು ಸೊಂಟಕ್ಕಿಟ್ಟು, ಓಣಿಯ ನಟ್ಟನಡುವೆ ಮನೆಯ ಕಡೆ ನಡೆದಳು.