ಮಿಸ್ಸಿಗೆ ಏನೂ ಅರ್ಥವಾಗದ ವಾರ

ಮುಂಬಯಿಯ ಸಯನ್ನಿನ ಆ ಫ್ರೆಂಚ್ ಕಿಂಡರ್‌ಗಾರ್ಟನ್‌ನಲ್ಲಿ ಪ್ರಣೀತಾಳ ಮುಖ್ಯ ಕೆಲಸವೆಂದರೆ ಏನೂ ಗೊತ್ತಿಲ್ಲದವಳ ಹಾಗೆ ನಿಲ್ಲುವುದು. ಅವಳಿಗೆ ಕನ್ನಡ, ತುಳು, ಹಿಂದಿ, ಮರಾಠಿ ಎಲ್ಲ ಬರುತ್ತಿತ್ತು. ಗೇಟಿನೊಳಗೆ ಯಾವುದೂ ಬರಬಾರದು. ಮಕ್ಕಳು ಬೇರೆ ಭಾಷೆಯಲ್ಲಿ ಏನು ಕೇಳಿದರೂ ಹೆಗಲು ಕುಣಿಸಿ, ತುಟಿ ಚಾಚಿ, “ಜ ನ ಕೊಂಪ್ರಾಂ ಪಾ” ಅನ್ನಬೇಕು. ಅಂದರೆ, ನನಗೆ ಅರ್ಥವಾಗುತ್ತಿಲ್ಲ. ಬೇರೆ ದಾರಿಯಿಲ್ಲವೆಂದು ಗೊತ್ತಾದರೆ ಮಕ್ಕಳು ತಾವಾಗಿಯೇ ಫ್ರೆಂಚ್ ಕಲಿಯುತ್ತಾರೆ ಎಂಬುದು ಶಾಲೆಯ ಒಡತಿ ಶೀತಲ್ ಮೇಡಂ ನಂಬಿಕೆ.

ಸೋಮವಾರ ಶೀತಲ್ ಕರೆದು ಹೇಳಿದಳು: “ಶುಕ್ರವಾರ ಪೇರೆಂಟ್ಸ್ ಬರ್ತಾರೆ. ಒಂದು ಮಗುವಾದರೂ ಪೂರ್ತಿ ವಾಕ್ಯ ಮಾತಾಡಿದರೆ ನೀನು ಪರ್ಮನೆಂಟ್. ಇಲ್ಲ ಅಂದ್ರೆ ಸಾರಿ.”

ಇಲ್ಲಿ ಸಾರಿ ಅಂದರೆ ಪ್ರಣೀತಾ ಮತ್ತೆ ಕಾಲ್ ಸೆಂಟರಿಗೆ ಹೋಗಬೇಕು. ಅಲ್ಲಿ ಎರಡು ವರ್ಷ ಕೂತು ಗಿರಾಕಿಗಳಿಂದ ಫ್ರೆಂಚಿನಲ್ಲಿ ಬೈಸಿಕೊಂಡಿದ್ದಳು.

ಅವಳು ಪ್ಲಾಸ್ಟಿಕ್ಕಿನ ಸೇಬು ಹಿಡಿದು ‘ಇದು ಸೇಬು’ ಎಂದು ಫ್ರೆಂಚಿನಲ್ಲಿ ಹಾಡಿದಳು, ಕುಣಿದಳು. ಮಕ್ಕಳು ಸೇಬನ್ನು ಕಚ್ಚಿ ನೋಡಿದರು. ಆಮೇಲೆ ಅದರಲ್ಲಿ ಕ್ರಿಕೆಟ್ ಆಡಿದರು.

ಮಂಗಳವಾರ ಬಣ್ಣದ ಪಾಠದ ನಡುವೆ ತಿಲಕ್ ಎದ್ದು ನಿಂತ. ಮಾಟುಂಗದ ಹೋಟೆಲ್ ಮಾಲೀಕ ಕೊರಗಪ್ಪನವರ ಮೊಮ್ಮಗ, ನಾಲ್ಕೂವರೆ ವರ್ಷ.

“ಮಿಸ್, ಸೂಸೂ.”

ಗಾಜಿನ ಕಿಟಕಿಯ ಆಚೆ ಶೀತಲ್ ನಿಂತಿದ್ದಳು. ಪ್ರಣೀತಾ ಹೆಗಲು ಕುಣಿಸಿದಳು. ತಿಲಕ್ ಚಡ್ಡಿ ಹಿಡಿದು ತೋರಿಸಿದ. ಇವಳು ಫ್ರೆಂಚಿಗಾಗಿ ಕಾದಳು. ಬಂದದ್ದು ಫ್ರೆಂಚ್ ಅಲ್ಲ.

ಆಯಾ ಇಂದ್ರಾಬಾಯಿ ವಿಜಯಪುರದ ಕಡೆಯವಳು. ನೆಲ ಒರೆಸುತ್ತ ತಗ್ಗಿದ ದನಿಯಲ್ಲಿ ಅಂದಳು: “ಅಕ್ಕಾರ, ಚಡ್ಡ್ಯಾಗ ಮಾಡ್ಕೊಂಡ ಮ್ಯಾಲರೆ ತಿಳೀತಿಲ್ರಿ ನಿಮಗ?”

ಅದಕ್ಕೂ ಹೆಗಲು ಕುಣಿಸಬೇಕಾಯಿತು. ಶೀತಲ್ ಇನ್ನೂ ಅಲ್ಲೇ ಇದ್ದಳು.

ಬುಧವಾರ ಮೂಲೆಯಲ್ಲಿ ಹೊಸ ಆಟ ಶುರುವಾಗಿತ್ತು. ಒಬ್ಬಳು ನೀರು ಕೇಳುತ್ತಾಳೆ, ವೇಷಕ್ಕೆಂದು ಸೊಂಟಕ್ಕೆ ಟವೆಲ್ ಸುತ್ತಿಕೊಂಡ ತಿಲಕ್ ತುಟಿ ಚಾಚಿ, “ಕೊಂಪ್ರಾಂ ಪಾ!” ಅನ್ನುತ್ತಾನೆ. ಉಳಿದವರು ಬಿದ್ದು ಬಿದ್ದು ನಗುತ್ತಾರೆ. ಅವನು ಮಿಸ್ ಆಗಿದ್ದ. ಹೆಗಲು ಏರಿಸುವ ಪರಿ ಥೇಟು ತನ್ನದೇ ಎಂದು ಪ್ರಣೀತಾಳಿಗೆ ಗೊತ್ತಾಗಿ ಮೈ ಉರಿಯಿತು. ಸೇಬಿನ ವಾಕ್ಯ ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ.

ಗುರುವಾರ ಗೇಟಿನಲ್ಲಿ ಕೊರಗಪ್ಪ ಹಿಡಿದುಕೊಂಡರು.

“ಎಂಥದು ಪ್ರಣೀತಾ ಇದು? ಇವನಿಗೆ ಹಾಲು ಕುಡಿ ಅಂದ್ರೆ ಹೀಗೆ.” ಹೆಗಲು ಕುಣಿಸಿ ತೋರಿಸಿದರು. “ಚಪ್ಪಲಿ ಹಾಕ್ಕೋ ಅಂದ್ರೆ ಹೀಗೆ. ಮಲಗು ಅಂದ್ರೂ ಹೀಗೆ. ಎಂಥದೋ ಪಾ ಅಂತೆ, ಪಾ!”

ಸುತ್ತ ಮಕ್ಕಳಿದ್ದರು. ಪ್ರಣೀತಾ ಫ್ರೆಂಚಿನಲ್ಲಿ ನಮಸ್ಕಾರ ಹೇಳಿ ನಕ್ಕಳು.

“ನಿನ್ನಪ್ಪ ನಮ್ಮ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತವ. ನನ್ನ ಹತ್ತಿರವೂ ಇದೇ ನಾಟಕವಾ ಮಾರಾಯ್ತಿ?”

ಶುಕ್ರವಾರ ಅಪ್ಪ ಅಮ್ಮಂದಿರು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತರು; ಕೊರಗಪ್ಪ ಬಾಗಿಲಲ್ಲೇ ನಿಂತರು. ಶೀತಲ್ ಸೇಬು ಎತ್ತಿ ಹಿಡಿದು ಫ್ರೆಂಚಿನಲ್ಲಿ ಕೇಳಿದಳು: “ತಿಲಕ್, ಇದೇನು?”

ಕೆಲಸ ಹೋಯಿತು ಅಂದುಕೊಂಡಳು ಪ್ರಣೀತಾ. ತಿಲಕ್ ಸೇಬು ನೋಡಿದ, ಅಜ್ಜನನ್ನು ನೋಡಿದ. ನಿಧಾನಕ್ಕೆ ಹೆಗಲು ಏರಿಸಿ, ತುಟಿ ಚಾಚಿ, ಮೂಗಿನಲ್ಲೇ ಎಳೆದ:

“ಜ ನ ಕೊಂಪ್ರಾಂ ಪಾ, ಮದಾಮ್.”

“ಅರೇ ವಾಹ್, ಕ್ಯಾ ಆಕ್ಸೆಂಟ್ ಹೈ!” ಎಂದ ಒಬ್ಬ ಅಪ್ಪ. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿ ಉಳಿದ ಮಕ್ಕಳೂ ಹೆಗಲು ಕುಣಿಸಿ ಅದನ್ನೇ ಕೂಗತೊಡಗಿದರು. ಅಮ್ಮಂದಿರು ಮೊಬೈಲ್ ಎತ್ತಿದರು. ಚಪ್ಪಾಳೆ ತಟ್ಟದವರು ಕೊರಗಪ್ಪ ಒಬ್ಬರೇ.

ಶೀತಲ್ ಪ್ರಣೀತಾಳನ್ನು ನುಂಗುವಂತೆ ನೋಡಿದಳು. ಆದರೆ ಪೂರ್ತಿ ವಾಕ್ಯ ಬೇಕೆಂದವಳು ಅವಳೇ, ಮುಂದೆ ಕೂತವರು ಖುಷಿಯಾಗಿದ್ದರು. ಹಲ್ಲು ಕಿರಿದು ಅಂದಳು: “ಇವರು ಪ್ರಣೀತಾ. ನಮ್ಮ ಪರ್ಮನೆಂಟ್ ಟೀಚರ್.”

ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಯಾರೋ ಪ್ರಣೀತಾಳ ಕುರ್ತಾ ಜಗ್ಗಿದರು. ತಿಲಕ್, ಕಾಲು ಹೆಣೆದುಕೊಂಡು ನಿಂತಿದ್ದ.

“ಮಿಸ್, ಸೂಸೂ.”

“ಬಾ ಮಾರಾಯ, ಓಡು!” ಎಂದು ಪ್ರಣೀತಾ ಅವನನ್ನು ಸೊಂಟಕ್ಕೆ ಏರಿಸಿಕೊಂಡಳು.

“ಪ್ರಣೀತಾ! ಫ್ರೆಂಚ್!” ಶೀತಲ್ ಹಿಂದಿನಿಂದ ಹಲ್ಲು ಕಚ್ಚಿ ಅಂದಳು.

ಪ್ರಣೀತಾ ತಿರುಗದೆ ಹೆಗಲು ಕುಣಿಸಿ ಓಡಿದಳು. ಇಂದ್ರಾಬಾಯಿ ಆಗಲೇ ಟಾಯ್ಲೆಟ್ಟಿನ ಬಾಗಿಲು ತೆರೆದು ಹಿಡಿದಿದ್ದಳು.