ಎಲ್ಲರೂ ಬರ್ರಿ

ಬ್ಲಾಗ್ ಎಂದರೇನು ಎಂಬುದು ಕಾಂತಾಬಾಯಿಯವರಿಗೆ ಸರಿಯಾಗಿ ತಿಳಿಯುವ ಮೊದಲೇ ಅವರದೊಂದು ಬ್ಲಾಗ್ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಹುಮನಾಬಾದಿನ ಸರಕಾರಿ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ, ನಿವೃತ್ತರಾಗಿ, ಅವರು ಬಸವಕಲ್ಯಾಣದ ತಮ್ಮನ ಮನೆಗೆ ಬಂದು ನೆಲೆಸಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ತಮ್ಮನ ಮಗಳು ಪೂನಂ ೨೦೦೮ರ ಒಂದು ರವಿವಾರ ಅವರನ್ನು ಬಸ್ ನಿಲ್ದಾಣದ ಎದುರಿನ ಫಿರೋಜನ ನೆಟ್ ಸೆಂಟರಿಗೆ ಕರೆದುಕೊಂಡು ಹೋಗಿ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಿ ತೋರಿಸಿದಳು. ಕಾಂತಾಬಾಯಿಯವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಇಲ್ಲಿ ಬರದದ್ದು ಎಲ್ಲಿ ಹೋಗ್ತದ?"

"ಎಲ್ಲಾ ಕಡಿ ಹೋಗ್ತದ ಅತ್ತಿ. ಅಮೇರಿಕಾಕ್ಕೂ ಹೋಗ್ತದ."

"ಅಮೇರಿಕಾ ಹಾಳಾಗ್ಲಿ, ಚಿಟಗುಪ್ಪಕ್ಕ ಹೋಗ್ತದೇನು?"

ಹೋಗುತ್ತದೆ ಎಂದು ಪೂನಂ ಆಣೆ ಮಾಡಿ ಹೇಳಿದ ಮೇಲೆ 'ಕಲ್ಯಾಣ ಹುಮನಾಬಾದ ಬಳಗ' ಎಂಬ ಬ್ಲಾಗ್ ಹುಟ್ಟಿತು. ಇದು ತಮ್ಮೊಬ್ಬರದಲ್ಲ, ಎರಡೂ ತಾಲೂಕಿನ ಎಲ್ಲರದು ಎಂದು ಕಾಂತಾಬಾಯಿಯವರು ಮೊದಲ ದಿನವೇ ಬರೆದು ಹಾಕಿದರು. ಯಾರು ಬೇಕಾದರೂ ಬರೆಯಬಹುದು. ಮನೆಯ ಸುದ್ದಿ, ಓಣಿಯ ಸುದ್ದಿ, ಅಜ್ಜಿ ಹೇಳಿದ ಕತೆ, ಏನಾದರೂ ಆದೀತು. ಎಲ್ಲರದು ಎಂದು ಹೇಳಿದ್ದೇನೋ ಸರಿ, ಆದರೆ ನಾಲ್ಕು ತಿಂಗಳಲ್ಲಿ ಅದರಲ್ಲಿ ಬಂದ ಇಪ್ಪತ್ತಮೂರು ಬರಹಗಳೂ ಅವರವೇ ಆಗಿದ್ದವು. ಅವರು ಹೇಳುತ್ತ ಹೋಗುವುದು, ಪೂನಂ ಟೈಪು ಮಾಡುತ್ತ ಹೋಗುವುದು. ಬಂದ ಕಾಮೆಂಟು ಒಂದೇ ಒಂದು, ಅದೂ ಇಂಗ್ಲಿಷಿನಲ್ಲಿ. 'ನಿಮ್ಮ ಬರಹ ಬಹಳ ಚೆನ್ನಾಗಿದೆ, ತೂಕ ಇಳಿಸಿಕೊಳ್ಳಲು ಇಲ್ಲಿ ಒತ್ತಿರಿ' ಎಂದಿತ್ತು. ಕಾಂತಾಬಾಯಿಯವರು ಮೊದಲ ಅರ್ಧವನ್ನು ನಂಬಿ, ಎರಡನೇ ಅರ್ಧವನ್ನು ಕ್ಷಮಿಸಿ, ಆ ಪುಣ್ಯಾತ್ಮನಿಗೆ ಧನ್ಯವಾದ ಬರೆಸಿದ್ದರು.

ನಗುವವರಿಗೆ ಇದೆಲ್ಲ ನಗೆಯೇ. ಅವರಿಗೆ ಮಾತ್ರ ಅದು ನಗೆಯಾಗಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳು ಅವರ ಕೈಕೆಳಗೆ ನಿಬಂಧ ಬರೆದು ಹೋಗಿದ್ದರೋ ಲೆಕ್ಕವಿಲ್ಲ. ಅವರಲ್ಲಿ ಒಬ್ಬರಾದರೂ ಪರೀಕ್ಷೆಗಲ್ಲದೆ, ಅರ್ಜಿಗಲ್ಲದೆ, ತಮ್ಮ ಮನಸ್ಸಿನಿಂದ ನಾಲ್ಕು ಸಾಲು ಬರೆಯಬೇಡವೇ? ಬರೆಯದಿದ್ದರೆ ತಾನು ಕಲಿಸಿದ್ದಾದರೂ ಏನು? ಈ ಪ್ರಶ್ನೆ ಅವರನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಒಬ್ಬರು ಬರೆದರೂ ಸಾಕು ಎನ್ನುವಲ್ಲಿಗೆ ಬಂದು ನಿಂತಿದ್ದರು.

ಕರಪತ್ರ ಹಂಚೋಣ ಎಂದದ್ದು ಪೂನಂ. ಕಾಂತಾಬಾಯಿಯವರು 'ಸರ್ವರೂ ತಮ್ಮ ಅನುಭವಗಳನ್ನು ಬರೆದು ಕಳುಹಿಸಬೇಕಾಗಿ ವಿನಂತಿ' ಎಂದು ಬರೆದರೆ ಅವಳು ಮೂಗು ಮುರಿದಳು.

"ಹಿಂಗ ಬರದ್ರ ಕೋರ್ಟಿನ ನೋಟೀಸು ಬಂದಂಗ ಆಗ್ತದ ಅತ್ತಿ. ನಮ್ಮ ಮಾತಿನ್ಯಾಗ ಬರೀರಿ."

ಜೀವಮಾನದಲ್ಲಿ ಮೊದಲ ಸಲ, ತುಸು ನಾಚಿಕೊಂಡೇ, ಅವರು ಆಡುಮಾತಿನಲ್ಲಿ ಬರೆದರು: 'ನಮ್ಮ ಬ್ಲಾಗಿಗೆ ಎಲ್ಲರೂ ಬರೀರಿ. — ಕಾಂತಾಬಾಯಿ ಟೀಚರ್.' ಬರೆದದ್ದನ್ನು ತಂದುಕೊಡಲು ಕೆಳಗೆ ನೆಟ್ ಸೆಂಟರಿನ ವಿಳಾಸ, ರವಿವಾರ ಮುಂಜಾನೆ ಹತ್ತರಿಂದ ಒಂದು ಎಂಬ ವೇಳೆ. ಫಿರೋಜ ತನ್ನಲ್ಲೇ ಐನೂರು ಪ್ರತಿ ಮುದ್ರಿಸಿ, ಹುಮನಾಬಾದ, ಮಾಣಿಕನಗರ, ಚಿಟಗುಪ್ಪದ ಬಸ್ಸುಗಳಲ್ಲಿ ಹಂಚಿಸಿದ. ಅವರು ಆ ಕರಪತ್ರವನ್ನು ಕಣ್ಣಾರೆ ನೋಡಿದ್ದು ರವಿವಾರ ಮುಂಜಾನೆ, ಅದೂ ಬೇರೆಯವರ ಕೈಯಲ್ಲಿ.

ಹತ್ತು ಗಂಟೆಗೆ ಅವರೂ ಪೂನಂಳೂ ಹೋಗುವ ಹೊತ್ತಿಗೆ ನೆಟ್ ಸೆಂಟರಿನ ಮುಂದೆ ಇಪ್ಪತ್ತು ಇಪ್ಪತ್ತೈದು ಜನ ನಿಂತಿದ್ದರು. ಯಾರಿಗೋ ಏನೋ ಆಗಿದೆ ಎಂದು ಕಾಂತಾಬಾಯಿಯವರು ಬಿರಬಿರನೆ ಹೆಜ್ಜೆ ಹಾಕಿದರು. ಬಿಳಿ ಟೊಪ್ಪಿಗೆಯ ಒಬ್ಬ ದಪ್ಪ ಮನುಷ್ಯ ಮುಂದೆ ಬಂದು ಕಾಲು ಮುಟ್ಟಿದ.

"ನಾ ದಿಗಂಬರರೀ ಟೀಚರ್, ಎಂಬತ್ತೊಂಬತ್ತರ ಬ್ಯಾಚು. ಚಿಟಗುಪ್ಪದಾಗ ಬೀಜ ಗೊಬ್ಬರದ ಅಂಗಡಿ ಅದರಿ. ನೀವು ಕರದ್ರಿ, ಬಂದ್ವಿ. ಬ್ಲಾಗ್ ಎಲ್ಲಿ ಅದರಿ?"

"ಅಲ್ಲೇ ಒಳಗ ಅದ," ಎಂದರು ಕಾಂತಾಬಾಯಿಯವರು, ಗೊಂದಲದಲ್ಲಿ.

"ಒಳಗ ನೋಡಿದ್ವಿ. ನಾಕು ಖುರ್ಚಿ ಅವ. ಇಷ್ಟು ಮಂದಿ ಹ್ಯಾಂಗ ಹಿಡಸ್ತಾರ?"

ಕೇಶರಬಾಯಿ ಎಂಬ ಮುದುಕಿ ಪಡಿತರ ಚೀಟಿ, ಎರಡು ಫೋಟೋ ಹಿಡಿದು ಬಂದಿದ್ದಳು. ಬ್ಲಾಕ್ ಆಫೀಸಿನವರು ಕರೆದಿದ್ದಾರೆ ಎಂದು ಯಾರೋ ಓದಿ ಹೇಳಿದ್ದರಂತೆ. ಅದು ಬ್ಲಾಕ್ ಅಲ್ಲ, ಬ್ಲಾಗ್ ಎಂದು ಪೂನಂ ತಿಳಿಸಿದಳು. "ಯಾವುದಾದ್ರೂ ಆಗ್ಲಿ ತಾಯಿ, ಪಗಾರ ಚಾಲೂ ಮಾಡ್ರಿ," ಎಂದಳು ಕೇಶರಬಾಯಿ, ವಿಧವಾ ವೇತನದ ಕಾಗದ ತೆಗೆಯುತ್ತ. ಉಪ್ಪಿಟ್ಟಿನ ವ್ಯವಸ್ಥೆ ಎಲ್ಲಿದೆ ಎಂದು ಹಿಂದಿನಿಂದ ಯಾರೋ ಕೇಳಿದರು.

ಕಾಂತಾಬಾಯಿಯವರು ದಿಗಂಬರನ ಕೈಯಲ್ಲಿದ್ದ ಕರಪತ್ರ ಇಸಿದುಕೊಂಡು ನೋಡಿದರು. 'ನಮ್ಮ ಬ್ಲಾಗಿಗೆ ಎಲ್ಲರೂ ಬರ್ರಿ.'

"ಫಿರೋಜ! ನಾ ಬರೀರಿ ಅಂತ ಬರದು ಕೊಟ್ಟಿದ್ದೆ!"

"ಹೌದ್ರಿ. ಅವಸರದಾಗ ಟೀಚರ್ ಒಂದು ಅಕ್ಷರ ತಪ್ಪ್ಯಾರ ಅಂತ ನಾನ ತಿದ್ದೀನ್ರಿ," ಎಂದ ಫಿರೋಜ, ಶಹಬ್ಬಾಸ್ ಬರುತ್ತದೆಂದು ಕಾಯುವವನಂತೆ. "ಮಂದೀನ ಕರೀಬೇಕಂದ್ರ ಬರ್ರಿ ಅನ್ನೋದೇ ಅಲ್ಲೇನ್ರಿ?"

ಇನ್ನೊಬ್ಬರ ತಪ್ಪು ತಿದ್ದಿಯೇ ಆಯುಷ್ಯ ಕಳೆದವರ ಬರಹವನ್ನು ಈಗ ಫಿರೋಜ ತಿದ್ದಿದ್ದ. ಆದರೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಹೆಂಗಸು ಅವರಲ್ಲ. ಪಕ್ಕದ ಹೋಟೆಲಿನಿಂದ ಬೆಂಚು ತರಿಸಿ, ಚಹಾ ಹೇಳಿ, ಉಳಿದ ಕರಪತ್ರಗಳನ್ನು ಖಾಲಿ ಬೆನ್ನು ಮೇಲೆ ಮಾಡಿ ಹಂಚಿದರು. ಅರ್ಧಕ್ಕಿಂತ ಹೆಚ್ಚು ಜನ ಅವರ ಹಳೆಯ ವಿದ್ಯಾರ್ಥಿಗಳೇ. ಏನಾದರೂ ಬರೆಯಿರಿ, ಎರಡೇ ಸಾಲಾದರೂ ಆದೀತು ಎಂದರು.

ಅಲ್ಲಿಯತನಕ ಗಲಗಲ ಮಾತಾಡುತ್ತಿದ್ದ ಮಂದಿ ಒಬ್ಬೊಬ್ಬರಾಗಿ ನೆಪ ಹುಡುಕತೊಡಗಿದರು. ಒಬ್ಬ ಚಷ್ಮಾ ತಂದಿಲ್ಲವೆಂದ. ಇನ್ನೊಬ್ಬನಿಗೆ ಒಂದೂವರೆಯ ಬಸ್ಸು ತಪ್ಪುವ ಭಯ ಹತ್ತೂಮುಕ್ಕಾಲಿಗೇ ಹುಟ್ಟಿತು. ದಿಗಂಬರ ಎರಡು ಅಕ್ಷರ ಬರೆದವನು, ಕಾಂತಾಬಾಯಿಯವರು ಹತ್ತಿರ ಬಂದ ಕೂಡಲೇ ಮೊಳಕೈಯಿಂದ ಕಾಗದ ಮುಚ್ಚಿ, ಆಮೇಲೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನೀವ ಬರೀರಿ ಟೀಚರ್, ನಾವು ಓದ್ತೀವಿ," ಎಂದು ಹಲ್ಲು ಕಿರಿದ.

"ಯಾಕೋ? ನಿನಗ ಬರಿಯಾಕ ಏನಾಗ್ಯಾದ?"

"ಏನಿಲ್ರಿ," ಎಂದ. ಇಷ್ಟು ದೊಡ್ಡ ಅಂಗಡಿಕಾರ ನೆಲ ನೋಡುತ್ತ ನಿಂತ. ಕಾಂತಾಬಾಯಿಯವರಿಗೆ ಅರ್ಥವೇ ಆಗಲಿಲ್ಲ. ಕರೆದರೆ ಬಸ್ಸು ಹತ್ತಿ ಬರುತ್ತಾರೆ, ಕಾಲು ಮುಟ್ಟುತ್ತಾರೆ, ಎರಡು ಸಾಲು ಬರೆಯಿರಿ ಎಂದರೆ ಓಡುತ್ತಾರೆ. ಇದೆಂಥ ಪ್ರೀತಿ?

ಒಬ್ಬಳು ಮಾತ್ರ ಬೆಂಚಿನ ಕೊನೆಯಲ್ಲಿ ಬಗ್ಗಿ ಕೂತು ಬರೆಯುತ್ತಿದ್ದಳು. ಕಪ್ಪು ಬುರ್ಖಾ, ಮುಖದ ಮೇಲಿನ ಪರದೆ ಹಿಂದೆ ಸರಿಸಿದ್ದಳು, ಮೂವತ್ತು ಮೂವತ್ತೆರಡರ ವಯಸ್ಸು. ಹುಮನಾಬಾದಿನಲ್ಲಿ ಬಟ್ಟೆ ಹೊಲಿಯುವ ಲತೀಫಾ ಎಂದು ದಿಗಂಬರ ಮೆಲ್ಲಗೆ ಹೇಳಿದ, ತನ್ನದೇ ಬ್ಯಾಚಿನವಳಂತೆ. ಕಾಂತಾಬಾಯಿಯವರಿಗೆ ಮುಖ ನೆನಪಾಗಲಿಲ್ಲ, ಆದರೆ ಆ ಬಗ್ಗಿದ ತಲೆ ನೋಡಿ ಕಣ್ಣು ತುಂಬಿ ಬಂತು. ಒಬ್ಬಳು! ಒಬ್ಬಳಾದರೂ! ಲತೀಫಾ ಕಾಗದದ ತುಂಬ ಬರೆದು, ನಾಲ್ಕು ಮಡಿಕೆ ಮಡಚಿ, ಎದ್ದು ಬಂದು ಅವರ ಕೈಗಿತ್ತಳು.

"ನೋಡ್ರಿ ಟೀಚರ್, ಹಾಕೂ ಹಂಗಿದ್ರ ಹಾಕ್ರಿ. ಇಲ್ಲಾಂದ್ರ ಹರದು ಒಗೀರಿ," ಎಂದು ಹೇಳಿ, ಚಹಾ ಕೂಡ ಕುಡಿಯದೆ ನಿಲ್ದಾಣದ ಕಡೆಗೆ ಹೊರಟುಹೋದಳು.

ಎಲ್ಲರೂ ಹೋದ ಮೇಲೆ ಕಾಂತಾಬಾಯಿಯವರು ಪೂನಂಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪಕ್ಕದಲ್ಲಿ ಕೂತು, ಹಬ್ಬದ ಹುರುಪಿನಲ್ಲಿ ಗಟ್ಟಿಯಾಗಿ ಓದತೊಡಗಿದರು.

"'ನಾನು ಲತೀಫಾ. ಏಳನೇ ಇಯತ್ತೆಯಾಗ ಟೀಚರ್ ನನ್ನ ತಂದಿ ಅಂತ ನಿಬಂಧ ಬರಿಯಾಕ ಹೇಳಿದ್ರು. ನಮ್ಮ ಅಬ್ಬಾ ಬಂಬಯಿದಾಗ ಗೌಂಡಿ ಕೆಲಸ ಮಾಡ್ತಿದ್ರು. ನಾನು, ಅಬ್ಬಾ ತಿಂಗಳಾ ತಿಂಗಳಾ ಕಾಗದ ಬರ್ತಾರ ಅಂತ ಬರದೆ.' ಬರದೆ ಅಲ್ಲ, ಬರೆದೆ ಅಂತ ಹಾಕು. 'ಬರೀತಾರ ಅನ್ನೂದು ತಪ್ಪಿ ಬರ್ತಾರ ಆಗಿತ್ತು. ಟೀಚರ್ ಅದನ್ನ ಎಲ್ಲರ ಮುಂದ ಓದಿ, ನಿಮ್ಮ ಅಬ್ಬಾ ಟಪಾಲಿನ ಲಿಫಾಫಾದಾಗ ಕೂತು ಬರ್ತಾರೇನು, ಹಣಿಗೆ ಟಿಕೀಟು ಹಚಗೊಂಡು ಬರ್ತಾರೇನು ಅಂದ್ರು. ಎಲ್ಲರೂ ನಕ್ಕರು...'"

ಓದು ನಿಂತಿತು. ಪೂನಂ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದಳು. ಕಾಂತಾಬಾಯಿಯವರು ಮುಂದಿನದನ್ನು ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಸಣ್ಣ ದನಿಯಲ್ಲಿ ಓದಿದರು.

"'ಅವತ್ತಿಂದ ನನ್ನ ಹೆಸರು ಲಿಫಾಫಾ ಆತು. ಮದಿವಿ ಆಗೂತನಾ ಲಿಫಾಫಾನೇ ಇದ್ದೆ. ಮರುವರ್ಷ ಅಬ್ಬಾ ಬಂಬಯಿದಾಗ ಮಾಳಿಗಿಂದ ಬಿದ್ದು ತೀರಕೊಂಡ್ರು. ಅಲ್ಲೇ ಮಣ್ಣು ಮಾಡಿದ್ರು. ನಮಗ ಅವರ ಫೋಟೋ, ಕೈಗಡಿಯಾರ ಒಂದು ಲಿಫಾಫಾದಾಗ ಬಂದ್ವು. ಟೀಚರ್ ಹೇಳಿದ್ದು ಖರೇ ಆತು ಅಂತ ನಾ ತಿಳಕೊಂಡೆ. ಆಮ್ಯಾಲ ನಾನು ಏನೂ ಬರದಿಲ್ಲ. ಈಗ ಟೀಚರ್ ಬರ್ರಿ ಅಂತ ಕರದಾರ ಅಂತ ಬಂದೆ. ಬರೀರಿ ಅಂದಿದ್ರ ಬರ್ತಿದ್ದಿಲ್ಲ.'"

ಫಿರೋಜ ಆ ಕಡೆ ಮುಖ ತಿರುಗಿಸಿಕೊಂಡು ಪ್ರಿಂಟರು ಒರೆಸುತ್ತಿದ್ದ.

ಕಾಂತಾಬಾಯಿಯವರಿಗೆ ಆ ದಿನ ನೆನಪಿರಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ನೆನಪಿದ್ದದ್ದು ನಗುವ ತರಗತಿ. ಬೇರೆ ಮಾಸ್ತರರು ಛಡಿ ಹಿಡಿಯುತ್ತಿದ್ದರು, ತಾನು ಎಂದೂ ಹಿಡಿದವಳಲ್ಲ, ಮಕ್ಕಳನ್ನು ನಗಿಸಿ ತಪ್ಪು ತಿದ್ದುತ್ತಿದ್ದೆ ಎಂದು ಅವರು ಇಲ್ಲಿಯತನಕ ಹೆಮ್ಮೆಯಿಂದಲೇ ಹೇಳಿಕೊಂಡು ಬಂದಿದ್ದರು. ನಗುವವರ ನಡುವೆ ಒಬ್ಬರು ನಗದೆ ಕೂತಿರುತ್ತಾರೆ ಎಂಬುದು ಅವರ ಕಣ್ಣಿಗೆ ಹೇಗೆ ಬೀಳಲಿಲ್ಲವೋ! ಅವರಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಹಾಕ್ಲೋ ಬ್ಯಾಡೋ ಅತ್ತಿ?" ಪೂನಂ ಕೇಳಿದಳು.

"ಹಾಕು. ಆ 'ಬರೆದೆ' ತಗಿ, 'ಬರದೆ' ಅಂತನೇ ಮಾಡು. ಇದ್ದಂಗ ಹಾಕು."

ಮರು ರವಿವಾರ ಹೋಗಿ ನೋಡಿದರೆ ಹನ್ನೊಂದು ಕಾಮೆಂಟು ಬಂದಿದ್ದವು. ತೂಕ ಇಳಿಸುವವನದು ಒಂದೂ ಇರಲಿಲ್ಲ. ಪೂನಂ ಮೊದಲನೆಯದನ್ನು ಓದಿ ತಡವರಿಸಿದಳು. ಅದು ದಿಗಂಬರನದು. 'ಟೀಚರ್, ನನ್ನ ನಿಬಂಧದಾಗ ಹದಿನೆಂಟು ತಪ್ಪು ಎಣಿಸಿ, ಹತ್ತೊಂಬತ್ತನೇ ತಪ್ಪು ನೀನಾ ಅಂದಿದ್ರಿ. ಅಂಗಡಿ ಬೋರ್ಡು ಬರಿಸುವಾಗೂ ನನಗ ಅದಾ ನೆನಪಾಗಿತ್ತರಿ.' ಹೈದರಾಬಾದಿನಿಂದ ಒಬ್ಬಳು, ತನ್ನ ಮಗಳಿಗೆ ಕನ್ನಡ ಕಲಿಸಲು ಕೂತರೆ ಕೈ ಬೆವರುತ್ತದೆ ಎಂದು ಬರೆದಿದ್ದಳು. ಮಾಣಿಕನಗರದ ಇನ್ನೊಬ್ಬ, ಟೀಚರ್ ಒಳ್ಳೆಯವರೇ, ಆದರೆ ಅವರ ಬಾಯಿಗೆ ನಾವು ಬಹಳ ಹೆದರುತ್ತಿದ್ದೆವು ಎಂದಿದ್ದ. ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ, ತಪ್ಪು ಒಪ್ಪು ನೋಡದೆ, ಉದ್ದುದ್ದ ಬರೆದಿದ್ದರು.

ನಾಲ್ಕು ತಿಂಗಳಿಂದ ಹಂಬಲಿಸಿದ್ದು ಇದನ್ನೇ ತಾನೆ? ಜನ ಬರೆಯುತ್ತಿದ್ದರು. ಕಾಂತಾಬಾಯಿಯವರು ಹಿಗ್ಗಬೇಕೋ ಅಳಬೇಕೋ ಗೊತ್ತಾಗದೆ, ಸೆರಗಿನಿಂದ ಸುಮ್ಮನೆ ಮೇಜು ಒರೆಸಿದರು.

"ಇವನ್ನ ತಗದು ಹಾಕ್ಲೇನು?" ಪೂನಂ ಕೇಳಿದಳು. "ನಿಮ್ಮ ಹೆಸರು ಕೆಡ್ತದ. ಒಂದು ಗುಂಡಿ ಒತ್ತಿದ್ರ ಎಲ್ಲಾ ಹೋಗ್ತಾವ."

"ಬ್ಯಾಡ. ಇರ್ಲಿ." ಅವರು ಅವಳ ಕಡೆ ತಿರುಗಿ ಕೇಳಿದರು, "ಪೂನಂ, ನಾಕು ತಿಂಗಳಿಂದ ನಾ ಹೇಳಿದ್ದೆಲ್ಲಾ ನೀ ಟೈಪು ಮಾಡ್ದಿ. ಬ್ಲಾಗ್ ಅಂದ್ರ ಏನಂತ ನನಗ ಕಲಿಸಿದಾಕಿನೂ ನೀನಾ. ನೀ ಯಾಕ ಒಂದು ಸಾಲೂ ಬರೀಲಿಲ್ಲ?"

ಪೂನಂ ತೆರೆಯನ್ನೇ ನೋಡುತ್ತಿದ್ದಳು.

"ಬರದಿದ್ದೆ ಅತ್ತಿ. ಮೂರು ಬರದು ಇಟ್ಟೀನಿ. ನೋಟುಬುಕ್ಕಿನ್ಯಾಗ ಅವ."

"ಮತ್ತ ಯಾಕ ತೋರಿಸ್ಲಿಲ್ಲ?"

ಪೂನಂ ತನ್ನ ಚೀಲವನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸಿದಳು. ಕಾಂತಾಬಾಯಿಯವರು ಕೇಳಿ ಮುಗಿಸುವ ಮೊದಲೇ ಉತ್ತರ ಅವರಿಗೆ ಗೊತ್ತಾಗಿತ್ತು. ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುವ, ತಾನು ಎತ್ತಿ ಆಡಿಸಿದ ಮಗು. ಬೇರೆ ಯಾರ ಕಾಮೆಂಟೂ ಅವರಿಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ಅವರು ಎದ್ದರು. ಪೂನಂಳ ಚೀಲ ಎತ್ತಿ ಅವಳ ತೊಡೆಯ ಮೇಲಿಟ್ಟರು.

"ನೋಟುಬುಕ್ ತಗಿ. ನೀನಾ ಹಾಕು. ನಾ ಹೊರಗ ನಿಂತಿರ್ತೀನಿ."

"ನೀವು ಒಮ್ಮಿ ನೋಡೂದಿಲ್ಲೇನು?"

"ನೀ ಹಾಕಿದ ಮ್ಯಾಲ ನೋಡ್ತೀನಿ, ಎಲ್ಲರ ಜೋಡಿ."

ಹೊರಗೆ ಬಿಸಿಲು ಏರಿತ್ತು. ಕಾಂತಾಬಾಯಿಯವರು ಸೆರಗು ತಲೆಯ ಮೇಲೆ ಹೊದ್ದು, ಬಾಗಿಲಿಗೆ ಬೆನ್ನು ಮಾಡಿ ನಿಂತರು. ಮೊದಲು ಬಹಳ ಹೊತ್ತು ಒಳಗೆ ಏನೂ ಕೇಳಲಿಲ್ಲ. ತಿರುಗಿ ನೋಡಬೇಕೆಂದು ಕುತ್ತಿಗೆ ತಾನೇ ತಾನಾಗಿ ಹೊರಳುತ್ತಿತ್ತು, ಅವರು ಹಲ್ಲು ಕಚ್ಚಿ ರಸ್ತೆಯನ್ನೇ ನೋಡಿದರು. ಆಮೇಲೆ ಕೀಲಿಮಣೆಯ ಸದ್ದು ಒಂದೊಂದಾಗಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಹುಮನಾಬಾದಿನ ಬಸ್ಸು ಬಂದು ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ಪೂನಂ ಇನ್ನೂ ಬರೆಯುತ್ತಿದ್ದಳು.