ಹುಳಿಚೀಲದ ಸವಾರಿ

ನಾನು ಒಂದು ಗ್ರಾಹಿ. ಜೀವಕೋಶದ ಹೊರಮೈಯಲ್ಲಿ ಕೈಚಾಚಿ ನಿಂತು, ರಕ್ತದಲ್ಲಿ ಬರುವ ಕಬ್ಬಿಣವನ್ನು ಹಿಡಿದು ಒಳಗೆ ಒಯ್ಯುವುದು ನನ್ನ ಕಸುಬು. ರಾಣೆಬೆನ್ನೂರಿನ ಚಂಪಾ ಎಂಬ ಬಸುರಿಯ ಎದೆಮೂಳೆಯ ಮಜ್ಜೆಯಲ್ಲಿ ಹುಟ್ಟಿದೆ. ಕೆಂಪು ರಕ್ತಕಣವಾಗಲು ಹೊರಟಿದ್ದ ಎಳೆಯ ಕೋಶವೊಂದು ನನ್ನನ್ನು ನೂಲಿನಂತೆ ಹೆಣೆದು, ಮಡಿಸಿ, ಮೇಲಕ್ಕೆ ಕಳಿಸಿತು. ಅಲ್ಲಿ ನನ್ನಂಥವರು ಕಿಕ್ಕಿರಿದಿದ್ದರು. ಕಬ್ಬಿಣಕ್ಕೆ ಹಸಿದ ಕೋಶ ಕೈಗಳನ್ನು ಹೆಚ್ಚಿಸಿಕೊಳ್ಳುತ್ತದೆ.

ಮೊದಲ ಸವಾರಿಯನ್ನು ಹೇಗೆ ಮರೆಯಲಿ! ಟ್ರಾನ್ಸ್‌ಫೆರಿನ್ ಎಂಬ ಹಮಾಲ ಕಬ್ಬಿಣ ಹೊತ್ತು ಬಂದ. ಗಟ್ಟಿಯಾಗಿ ಹಿಡಿದೆ. ಕಾಲಡಿಯ ಪೊರೆ ಗುಳಿಬಿದ್ದು, ಚೀಲವಾಗಿ, ನಮ್ಮಿಬ್ಬರನ್ನೂ ನುಂಗಿತು. ಒಳಗೆ ಹೋದಂತೆ ಚೀಲ ಹುಳಿಯಾಯಿತು. ಆ ಹುಳಿಗೆ ಹಮಾಲನ ಮುಷ್ಟಿ ಸಡಿಲಿತು, ಕಬ್ಬಿಣ ಜಾರಿತು, ಕೋಶ ಅದನ್ನು ಗಬಕ್ಕನೆ ಎತ್ತಿಕೊಂಡಿತು. ಅಲ್ಲಿಂದ ಎರಡು ದಾರಿ: ಒಂದು ಅರೆದು ಪುಡಿಮಾಡುವ ಕೋಣೆಗೆ, ಇನ್ನೊಂದು ಮರಳಿ ಮೇಲಕ್ಕೆ. ನನ್ನನ್ನು ಮೇಲಕ್ಕೆ ತಿರುಗಿಸಿದರು! ಬರಿಗೈ ಹಮಾಲ ಹೊರಗಿನ ರಕ್ತ ತಾಗುವವರೆಗೂ ನನ್ನನ್ನು ಬಿಡಲಿಲ್ಲ, ತಾಗಿದೊಡನೆ ಹೊರಟುಹೋದ. ನಾನು ಮತ್ತೆ ಕೈಚಾಚಿದೆ. ಬಳಸಿ ಎಸೆಯುವ ವಸ್ತು ನಾನಲ್ಲ ಎಂಬ ಹಿಗ್ಗಿಗೆ ಕುಣಿಯಬೇಕೆನಿಸಿತು.

ಆದರೆ ಆಮೇಲೆ ಬಂದ ಹಮಾಲರಲ್ಲಿ ಹೆಚ್ಚಿನವರ ಬಳಿ ಹೊರೆಯೇ ಇರಲಿಲ್ಲ. ಹೊರಗಿನ ಮಾತು ಮೂಳೆಗೆ ತಾಗಿ ಕೇಳುತ್ತಿತ್ತು. ರಕ್ತ ಕಡಿಮೆಯಿದೆ, ಏರದಿದ್ದರೆ ಹೆರಿಗೆಯಲ್ಲಿ ಚಂಪಾಳ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಕಬ್ಬಿಣದ ಗುಳಿಗೆ ತಪ್ಪಿಸಿದವಳಲ್ಲ. ಆದರೂ ನಾಲ್ಕು ಹೆಜ್ಜೆಗೆ ಏದುಸಿರು.

ತಪಾಸಣೆಗೆ ಹೋದಾಗ ನರ್ಸ್, ಗುಳಿಗೆ ಹೇಗೆ ನುಂಗುತ್ತೀ ಎಂದು ಕೇಳಿದಳು.

“ಚಾದಾಗ್ರಿ. ನೀರಾಗ ನುಂಗಿದ್ರ ವಾಂತಿ ಬಂದಂಗ ಆಕ್ಕೈತಿ. ಅದಕ್ಕ ನಮ್ಮತ್ತಿ ಗಟ್ಟಿ ಚಾ ಮಾಡಿ ಕೊಡ್ತಾರ,” ಎಂದಳು ಚಂಪಾ.

ಚಹಾ ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ನಿಂಬೆರಸದಲ್ಲಿ ನುಂಗಬೇಕು ಎಂದು ನರ್ಸ್ ತಿಳಿಸಿದಳು. ಜೊತೆಗಿದ್ದ ಅತ್ತೆ ಸಂಗವ್ವನಿಗೆ ಸಿಟ್ಟು ಬಂತು. ಓಣಿಯೆಲ್ಲ ಹೊಗಳುವ ಚಹಾ ಅವಳದು.

“ಅಲ್ಲವಾ ತಂಗಿ, ನನ್ನ ಚಾನ ನನ್ನ ಸೊಸಿ ರಕ್ತ ಕುಡೀತೇನು?”

“ಚಾ ಎರಡು ತಾಸು ತಡದು ಕೊಡ್ರಿ, ಯವ್ವಾ. ಅಷ್ಟೊತ್ತಿಗೆ ನಿಮ್ಮ ಸಿಟ್ಟೂ ಆರಿರತೈತಿ.”

ಮರುದಿನ ಸಂಗವ್ವ ತಾನೇ ನಿಂಬೆ ಹಿಂಡಿ, ಬೆಲ್ಲ ಕದಡಿ, ಸೊಸೆಯ ಮುಂದೆ ಹಿಡಿದಳು.

ಆಮೇಲೆ ನೋಡಬೇಕಿತ್ತು ನಮ್ಮ ಸಂಭ್ರಮ! ಹಮಾಲರು ಹೊರೆ ಹೊತ್ತು ಸಾಲುಗಟ್ಟಿದರು. ಮುಳುಗಿದೆ, ಇಳಿಸಿದೆ, ಎದ್ದೆ; ಮತ್ತೆ ಮುಳುಗಿದೆ. ಕೋಶ ಕೆಂಪೇರುತ್ತ ಬಂತು.

ಕೆಂಪು ತುಂಬಿದ ಮೇಲೆ ಅದಕ್ಕೆ ಕೈಗಳು ಬೇಡವಾದವು. ಮಜ್ಜೆ ಬಿಟ್ಟು ರಕ್ತಕ್ಕೆ ಇಳಿದ ಕಣ ನಮ್ಮನ್ನು ಪುಟ್ಟ ಗುಳ್ಳೆಗಳಲ್ಲಿ ತುಂಬಿ ಹೊರಗೆ ಚೆಲ್ಲಿತು. ಅದು ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ತೇಲುತ್ತಿದ್ದವನನ್ನು ರಕ್ತ ತಪಾಸಣೆಯ ಸೂಜಿಯೊಂದು ಎಳೆದುಕೊಂಡಿತು.

ಈಗ ಪ್ರಯೋಗಾಲಯದ ಮೂಲೆಯ ಗಾಜಿನ ನಳಿಕೆಯಲ್ಲಿದ್ದೇನೆ. ಸ್ವಲ್ಪ ಹೊತ್ತಿನ ಹಿಂದೆ, ಬಾಗಿಲಲ್ಲಿ ನಿಂತಿದ್ದ ಅತ್ತೆ-ಸೊಸೆಗೆ, ರಕ್ತ ಏರತೊಡಗಿದೆ, ಹೀಗೇ ನಡೆದರೆ ಹೆರಿಗೆಗೆ ಹೆದರಬೇಕಿಲ್ಲ ಎಂದು ನರ್ಸ್ ಹೇಳಿದಳು. ಸಂಗವ್ವ ಸೆರಗಿನಿಂದ ಸೊಸೆಯ ಮುಖದ ಬೆವರು ಒರೆಸಿದಳು.

ನಾನು ಬೆಳೆಸಿದ ಕಣ ಈ ಹೊತ್ತಿಗೆ ಕೂಸಿನ ಹತ್ತಿರ ಉಸಿರು ಇಳಿಸುತ್ತಿರಬೇಕು. ನನ್ನ ಕೈ ಬರಿದು. ಹೋದ ಪ್ರತಿ ಸಲವೂ ನಾನು ಮರಳಿ ಬಂದೆ. ಒಯ್ದ ಕಬ್ಬಿಣ ಮಾತ್ರ ಒಂದು ಚೂರೂ ಮರಳಲಿಲ್ಲ. ಅಷ್ಟೂ ಚಂಪಾಳಲ್ಲೇ ಇದೆ.